ಆಯ್ತಪ್ಪನ ಎಂಟು ತಿಂಗಳ ಮಗು

ಆಯ್ತಪ್ಪನಿಗೂ ಹೆತ್ತವರು ಇಟ್ಟ ಹೆಸರೊಂದಿತ್ತು. ಆದರೆ ಯಾರು ಏನು ಹೇಳಲು ಬಾಯಿ ತೆರೆದರೂ, ಅವರು ಮುಚ್ಚುವುದರೊಳಗೆ "ಆಯ್ತು" ಎಂದುಬಿಡುವ ಅವನ ಅಭ್ಯಾಸದ ಮುಂದೆ ಆ ಹೆಸರು ಬಹಳ ದಿನ ಬಾಳಲಿಲ್ಲ. ತಾನು ಒಪ್ಪಿಕೊಂಡದ್ದು ಯಾವ ಕೆಲಸ ಎಂಬುದು ಅವನಿಗೆ ತಿಳಿಯುತ್ತಿದ್ದದ್ದು ಆಮೇಲೆ. ಮದುವೆಗೂ ಹೀಗೇ ಒಪ್ಪಿದ್ದು ಎಂದು ಹೆಂಡತಿ ಆಗಾಗ ಹೇಳುತ್ತಾಳೆ. ಅದಕ್ಕೂ ಅವನು "ಆಯ್ತು" ಎನ್ನುತ್ತಾನೆ.

ಡಾಕ್ಟರಿಕೆ ಕಲಿಸುವ ದೊಡ್ಡ ಆಸ್ಪತ್ರೆಯೊಂದರ ಮಕ್ಕಳ ವಿಭಾಗದಲ್ಲಿ ಅವನು ಅಟೆಂಡರ್. ಅದೂ ತಾತ್ಕಾಲಿಕ. ತಾತ್ಕಾಲಿಕವಾಗಿ ಇದ್ದೂ ಇದ್ದೂ ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ಅವನ ವಶದಲ್ಲಿ ಒಂದು ಕಬ್ಬಿಣದ ಬೀರು. ಅದರೊಳಗೆ ಬಟ್ಟಲುಗಳು, ಚಮಚಗಳು, ಪ್ಲಾಸ್ಟಿಕ್ಕಿನ ಹಣ್ಣು ತರಕಾರಿ, ನೆಲಕ್ಕೆ ಬಿದ್ದರೆ ಪುಟಿಯುವ ರಬ್ಬರ್ ಮೊಟ್ಟೆ ಮತ್ತು ಒಂದು ಮಗು. ಮಗುವೆಂದರೆ ಬೊಂಬೆ. ಎಳೆಮಕ್ಕಳಿಗೆ ಏನು ತಿನ್ನಿಸಬೇಕು, ಹೇಗೆ ತಿನ್ನಿಸಬೇಕು, ಅದನ್ನು ಹೆತ್ತವರ ಮನಸ್ಸು ನೋಯದಂತೆ ಹೇಗೆ ತಿಳಿಸಿಹೇಳಬೇಕು ಎಂಬುದನ್ನು ಕಲಿಯುವ ಡಾಕ್ಟರುಗಳು ಅಭ್ಯಾಸ ಮಾಡಲೆಂದು ತರಿಸಿದ ಬೊಂಬೆ. ನಿಜವಾದ ಎಂಟು ತಿಂಗಳ ಮಗುವಿನಷ್ಟೇ ತೂಕ, ಅಷ್ಟೇ ಉದ್ದ. ಮಲಗಿಸಿದರೆ ಕಣ್ಣು ಮುಚ್ಚುತ್ತಿತ್ತು, ಎತ್ತಿದರೆ ಬಿಡುತ್ತಿತ್ತು. ಚಮಚ ಇಡಲು ಅನುಕೂಲವಾಗುವಂತೆ ಬಾಯಿ ಸದಾ ಅರ್ಧ ತೆರೆದಿರುತ್ತಿತ್ತು. ಎಷ್ಟೋ ಡಾಕ್ಟರುಗಳ ಕೈ ದಾಟಿ ಬಂದಿದ್ದರಿಂದ ಕತ್ತು ಮಾತ್ರ ಸಡಿಲ.

ಪರೀಕ್ಷೆಯ ಹಿಂದಿನ ದಿನ ವಿಭಾಗದ ಮುಖ್ಯಸ್ಥೆ ದೊಡ್ಡ ಮೇಡಂ ಅವನನ್ನು ಕರೆದು ಹೇಳಿದರು: "ನೋಡಪ್ಪಾ, ನಾಳೆ ಹೊರಗಿನಿಂದ ಪರೀಕ್ಷಕರು ಬರ್ತಾರೆ. ಮಗುವನ್ನ ಮನೆಗೆ ತಗೊಂಡು ಹೋಗಿ ಚೆನ್ನಾಗಿ ತೊಳೆದು, ಹೊಸ ಬಟ್ಟೆ ಹಾಕಿಸಿಕೊಂಡು ಬಾ."

"ಆಯ್ತು ಮೇಡಂ."

ಮೇಡಂ ಇನ್ನೂ ಏನೋ ಹೇಳಿದರು. ಆಯ್ತಪ್ಪ ಆಗಲೇ ಬೀರುವಿನ ಕೀಲಿಗಾಗಿ ಜೇಬು ತಡಕುತ್ತಿದ್ದ. ಕೊನೆಯ ಮಾತು ಮಾತ್ರ ಸರಿಯಾಗಿ ಕಿವಿಗೆ ಬಿತ್ತು: "ಇದೊಂದು ಸರಿಯಾಗಿ ನಡೆದ್ರೆ ನಿನ್ನ ಕೆಲಸ ಖಾಯಂ ಮಾಡೋಕೆ ನಾನೇ ಬರೆದು ಕಳಿಸ್ತೀನಿ. ಏನಾದ್ರೂ ಎಡವಟ್ಟು ಮಾಡಿದ್ಯೋ, ನಾಳಿದ್ದಿಂದ ನೀನು ಬರೋದೇ ಬೇಡ."

"ಆಯ್ತು ಮೇಡಂ!" ಎಂದ ಆಯ್ತಪ್ಪ. ಜೀವನದಲ್ಲಿ ಅಷ್ಟು ಮನಃಪೂರ್ವಕವಾಗಿ ಅವನು ಆ ಮಾತು ಹೇಳಿರಲಿಲ್ಲ.

ಹೆಂಡತಿ ಟೈಲರ್. ಗಿರಾಕಿಗಳ ಬಟ್ಟೆಯನ್ನೆಲ್ಲ ಬದಿಗಿಟ್ಟು ಬೊಂಬೆಗೆ ನೆರಿಗೆಯ ಅಂಗಿ, ಕಿವಿ ಮುಚ್ಚುವ ಟೋಪಿ, ಕಾಲಿಗೆ ಚೀಲ ಎಲ್ಲ ಹೊಲಿದಳು. ಬೆಳಿಗ್ಗೆ ಗಂಡ ಅದನ್ನು ಗೋಣಿಚೀಲಕ್ಕೆ ತುರುಕಲು ಹೋದಾಗ ಕಿರುಚಿಕೊಂಡಳು.

"ರೀ! ಇಸ್ತ್ರಿ ಮಾಡಿದೀನಿ ಕಣ್ರೀ! ಚೀಲದಲ್ಲಿ ಹಾಕಿದ್ರೆ ನೆರಿಗೆ ಎಲ್ಲಾ ಮುದ್ದೆ ಆಗತ್ತೆ. ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋಗಿ. ಅಂದ ಹಾಗೆ, ನಿಮ್ಮ ಮೇಡಂ ಇಷ್ಟೇ ಹೇಳಿದ್ದಾ? ಬರೀ ಬೊಂಬೆ ತೊಳೆಯೋದಕ್ಕೆ ಕೆಲಸ ಖಾಯಂ ಮಾಡ್ತಾರಾ?"

ಆಯ್ತಪ್ಪ ಗೋಣಿಚೀಲವನ್ನು ಕೈಬಿಟ್ಟ. ಕೀಲಿ ಹುಡುಕುವಾಗ ಕಿವಿಯ ಪಕ್ಕದಿಂದ ಹಾದುಹೋಗಿದ್ದ ಮಾತುಗಳು ಒಂದೊಂದಾಗಿ ಹಿಂತಿರುಗಿ ಬಂದವು. ಮೇಡಂ ಹೇಳಿದ್ದು ಹೀಗೆ: "ಪ್ರತಿ ಸಲ ನರ್ಸಮ್ಮನೇ ತಾಯಿ ಆಗಿ ನಟಿಸ್ತಾರೆ, ಪರೀಕ್ಷೆ ಸಪ್ಪೆಯಾಗತ್ತೆ. ಈ ಸಲ ಒಂದು ಇಡೀ ಕುಟುಂಬ ಬೇಕು. ಅಜ್ಜಿ, ಅತ್ತೆ, ಮಧ್ಯೆ ಬಾಯಿ ಹಾಕೋ ನೆಂಟರು. ಅಷ್ಟು ಜನರ ನಡುವೆ ಡಾಕ್ಟರು ಹೇಗೆ ಮಾತಾಡ್ತಾರೆ ನೋಡಬೇಕು. ತಂದೆ ಪಾತ್ರ ನೀನೇ ಮಾಡು. ಉಳಿದವರನ್ನ ಹೊಂದಿಸಿಕೊಂಡು ಬಾ."

"ಕುಟುಂಬ..." ಎಂದ ಆಯ್ತಪ್ಪ.

"ಯಾರ ಕುಟುಂಬ?"

"ಗೊತ್ತಿಲ್ಲ ಕಣೇ. ಎಲ್ಲಿಂದ ತರಲಿ? ನೀನು ಬರ್ತೀಯಾ?"

"ಮದುವೆ ಬ್ಲೌಸು ಇವತ್ತೇ ಕೊಡಬೇಕು. ಹುಡುಗಿ ಕಡೆಯವರು ಬಾಗಿಲಲ್ಲಿ ನಿಂತಿದಾರೆ. ನೀವು ಹೊರಡಿ ಮೊದಲು, ಬಸ್ಸು ಹೋಗತ್ತೆ!"

ಹೀಗೆ ಮಗುವಿದ್ದೂ ಕುಟುಂಬವಿಲ್ಲದ ಮನುಷ್ಯನಾಗಿ ಆಯ್ತಪ್ಪ ಬಸ್ಸು ಹತ್ತಿದ.

ಬಸ್ಸು ಕಿಕ್ಕಿರಿದು ತುಂಬಿತ್ತು. ಕೊಡೆ ಹಿಡಿದ ಹೆಂಗಸೊಬ್ಬರು ಅವನ ಹೆಗಲ ಮೇಲಿನ ಟೋಪಿ ನೋಡಿದ್ದೇ ಎದ್ದು ನಿಂತರು. "ಅಯ್ಯೋ, ಕೈಯಲ್ಲಿ ಮಗು ಇದೆ. ಕೂತ್ಕೊಳ್ಳಿ, ಕೂತ್ಕೊಳ್ಳಿ."

ಇದು ಬೊಂಬೆ, ನೀವೇ ಕೂತ್ಕೊಳ್ಳಿ ಎಂದು ಹೇಳಲು ಒಂದು ಕ್ಷಣ ಸಾಕಿತ್ತು. ಆದರೆ ಅವನ ಬಾಯಿಗೆ ಬೇರೊಂದು ಮಾತು ರೂಢಿಯಾಗಿತ್ತಲ್ಲ. "ಆಯ್ತು," ಎಂದ. ಕೂತ. ಅನಾಹುತವೂ ಪಕ್ಕದಲ್ಲೇ ಜಾಗ ಮಾಡಿಕೊಂಡು ಕೂತಿತು.

ಪಕ್ಕದಲ್ಲಿದ್ದವರು ಒಬ್ಬ ದೊಡ್ಡಮ್ಮ. ತೊಡೆಯ ಮೇಲೆ ಹೂಕೋಸಿನ ಬುಟ್ಟಿ, ಮುಖದ ಮೇಲೆ ಊರಿನ ಮಕ್ಕಳನ್ನೆಲ್ಲ ಸಾಕಿದ ಅಧಿಕಾರ. "ಎಷ್ಟು ತಿಂಗಳಪ್ಪಾ ಕೂಸಿಗೆ?" ಎಂದರು.

"ಎಂಟು."

"ಎಂಟು ತಿಂಗಳಾದ್ರೂ ಕತ್ತು ನಿಂತಿಲ್ವಲ್ಲಪ್ಪಾ!"

"ನಿಲ್ಲಲ್ಲ ಅಮ್ಮಾ. ಹೋದ ವರ್ಷ ಇನ್ನೂ ಜಾಸ್ತಿ ಅಲ್ಲಾಡ್ತಿತ್ತು. ಈಗ ಪರವಾಗಿಲ್ಲ."

"ಹೋದ ವರ್ಷಾನಾ?"

ಸುಳ್ಳು ಹೇಳುವವನಿಗೆ ಮುಂದಾಲೋಚನೆ ಬೇಕು. ಆಯ್ತಪ್ಪನಿಗೆ ಹಿಂದಾಲೋಚನೆಯೂ ಇರಲಿಲ್ಲ. "ಹೋದ ವರ್ಷವೂ ಎಂಟೇ ತಿಂಗಳು ಅಮ್ಮಾ," ಎಂದುಬಿಟ್ಟ. "ಅದರ ಹಿಂದಿನ ವರ್ಷವೂ ಎಂಟೇ."

ದೊಡ್ಡಮ್ಮನ ಕೈಯಲ್ಲಿದ್ದ ಹೂಕೋಸು ಬುಟ್ಟಿಗೆ ವಾಪಸು ಬಿತ್ತು. "ಏನು ತಿನ್ನಿಸ್ತೀಯಾ ಇದಕ್ಕೆ?" ಎಂದು ಗದರಿದರು.

"ಎಲ್ಲಾ ತಿನ್ನಿಸ್ತಾರೆ. ಬೇಳೆ, ತರಕಾರಿ, ಮೊಟ್ಟೆ. ಏನೂ ಒಳಗೆ ಹೋಗಲ್ಲ. ಒರೆಸಿ ಎತ್ತಿಡ್ತೀನಿ."

"ಎತ್ತಿಡ್ತೀಯಾ? ಎಲ್ಲಿ ಎತ್ತಿಡ್ತೀಯಾ?"

"ಬೀರುವಿನಲ್ಲಿ."

ಕೊಡೆಯವರು ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಬಗ್ಗಿದರು. "ಇದರ ತಾಯಿ ಎಲ್ಲಿ?"

"ತಾಯಿ ಅಂತ ಒಬ್ಬರಿಲ್ಲ ಮೇಡಂ. ಸಾಮಾನ್ಯವಾಗಿ ನರ್ಸಮ್ಮ. ಅವರು ರಜೆ ಹಾಕಿದ್ರೆ ಬೇರೆ ಯಾರಾದ್ರೂ."

ಹಿಂದಿನ ಸೀಟಿನವರು ಕತ್ತು ಮುಂದೆ ಚಾಚಿದರು. ದೊಡ್ಡಮ್ಮ ಮಗುವನ್ನು ಅವನ ಕೈಯಿಂದ ಎತ್ತಿಕೊಂಡರು. ಟೋಪಿ ಸರಿಸಿದರು. ಕೆನ್ನೆ ಮುಟ್ಟಿದರು. ಮುಟ್ಟಿದ ಬೆರಳು ಅಲ್ಲೇ ನಿಂತುಬಿಟ್ಟಿತು.

ಆಯ್ತಪ್ಪ ಕಣ್ಣು ಮುಚ್ಚಿಕೊಂಡ. ಈಗ ಬೈಗುಳ, ಆಮೇಲೆ ಕೊಡೆ, ಕೊನೆಗೆ ಹೂಕೋಸು ಎಂದು ತನಗೆ ಬೀಳಬೇಕಾದ್ದನ್ನು ವರಸೆಯಾಗಿ ಎಣಿಸಿಕೊಂಡ. ಏನೂ ಬೀಳಲಿಲ್ಲ. ಕಣ್ಣು ಬಿಟ್ಟರೆ ದೊಡ್ಡಮ್ಮ ಟೋಪಿಯ ದಾರವನ್ನು ಮತ್ತೆ ಕಟ್ಟುತ್ತಿದ್ದರು. ಈವರೆಗೆ ಪೊಲೀಸಿನಂತಿದ್ದ ಅವರ ದನಿ ಬೆಣ್ಣೆಯಂತಾಗಿತ್ತು.

"ಲಕ್ಷಣವಾಗಿದೆ ಮಗು. ಇಟ್ಕೋಪ್ಪಾ. ಜೋಪಾನ."

ಆಯ್ತಪ್ಪನ ಹೋದ ಜೀವ ಮರಳಿ ಬಂತು. ಹೆಂಡತಿಯ ಹೊಲಿಗೆ ಎಂದರೆ ಹೀಗಿರಬೇಕು! ಮುಟ್ಟಿ ನೋಡಿದರೂ ಬೊಂಬೆಯೆಂದು ಗೊತ್ತಾಗಲಿಲ್ಲವಲ್ಲ ಎಂದು ಹೆಮ್ಮೆಪಟ್ಟ. ದೊಡ್ಡಮ್ಮ ಕೊಡೆಯವರ ಕಿವಿಯಲ್ಲಿ ಏನೋ ಹೇಳಿದರು. ಕೊಡೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆ ಪಿಸುಮಾತು ಸೀಟಿನಿಂದ ಸೀಟಿಗೆ ಹಾರುತ್ತ ಕಂಡಕ್ಟರನನ್ನು ಮುಟ್ಟಿತು. ಚಿಲ್ಲರೆಗಾಗಿ ಎಲ್ಲರ ಮೇಲೂ ರೇಗುತ್ತಿದ್ದ ಕಂಡಕ್ಟರ್ ಆಯ್ತಪ್ಪನ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತ.

"ಅಣ್ಣಾ, ಎಲ್ಲಿಗೆ ಹೊರಟಿದ್ದೀರಿ?"

"ದೊಡ್ಡಾಸ್ಪತ್ರೆಗೆ. ಮಕ್ಕಳ ವಿಭಾಗಕ್ಕೆ."

ಕಂಡಕ್ಟರ್ ದೊಡ್ಡಮ್ಮನ ಮುಖ ನೋಡಿದ. ದೊಡ್ಡಮ್ಮ ಕಣ್ಣಲ್ಲೇ ಸನ್ನೆ ಮಾಡಿದರು. "ಒಳ್ಳೇದಾಯ್ತು ಬಿಡಿ," ಎಂದ ಅವನು. "ನಮ್ಮ ಕೊನೇ ಸ್ಟಾಪು ಅದೇ. ನಾವೂ ಜೊತೆಗೆ ಬರ್ತೀವಿ."

"ಆಯ್ತು," ಎಂದ ಆಯ್ತಪ್ಪ.

ಮಕ್ಕಳ ವಿಭಾಗದ ಕಾರಿಡಾರಿನಲ್ಲಿ ಕಲಿಯುವ ಡಾಕ್ಟರುಗಳು ಬಿಳಿ ಕೋಟಿನಲ್ಲಿ ಬೆವರುತ್ತ ನಿಂತಿದ್ದರು. ಮೊದಲ ಸರದಿ ಒಬ್ಬ ಸಣ್ಣಗಿನ ಡಾಕ್ಟರಮ್ಮನದು. ಹೋದ ಸಲ ಈಕೆ ತಾಯಿಯನ್ನು ಒಂದೂ ಪ್ರಶ್ನೆ ಕೇಳದೆ ಪಾಠ ಒಪ್ಪಿಸಿ ಫೇಲಾಗಿದ್ದಳು. ಈ ಸಲ ಕಣ್ಣುಮುಚ್ಚಿ ಜಪ ಮಾಡುತ್ತಿದ್ದಳು: "ಕೇಳು, ಮೆಚ್ಚು, ಹೇಳು, ಹೇಳಿಸು. ಮೊದಲು ಕೇಳು. ಅವರು ಮಾಡ್ತಿರೋದ್ರಲ್ಲಿ ಒಳ್ಳೇದನ್ನ ಮೆಚ್ಚು. ಆಮೇಲೆ ಹೇಳು. ಕೊನೆಗೆ ಅವರ ಬಾಯಿಂದಲೇ ಹೇಳಿಸು."

ಅಷ್ಟರಲ್ಲಿ ಮಗುವನ್ನೆತ್ತಿಕೊಂಡ ಆಯ್ತಪ್ಪ, ಅವನ ತೋಳು ಹಿಡಿದ ದೊಡ್ಡಮ್ಮ, ದಾರಿ ಬಿಡಿಸುತ್ತ ಕೊಡೆಯವರು, ಹಿಂದೆ ಚರ್ಮದ ಚೀಲ ತೂಗುಹಾಕಿದ ಕಂಡಕ್ಟರ್, ಅವನ ಹಿಂದೆ ಇಳಿಯುವ ಮನಸ್ಸಾದ ಕೆಲವು ಪ್ರಯಾಣಿಕರು ಮೆರವಣಿಗೆಯಂತೆ ಬಂದು ಪರೀಕ್ಷೆಯ ಕೋಣೆಗೆ ನುಗ್ಗಿದರು. ದೊಡ್ಡ ಮೇಡಂ ಎದ್ದು ನಿಂತರು. ಈ ಜನವೆಲ್ಲ ಯಾರೆಂದು ಕೇಳುತ್ತಾರೆ, ಕೆಲಸ ಮುಗಿಯಿತು ಎಂದು ಆಯ್ತಪ್ಪ ಬೊಂಬೆಯನ್ನು ಎದೆಗೊತ್ತಿಕೊಂಡು ನಿಂತ.

"ಭೇಷ್!" ಎಂದರು ಮೇಡಂ. "ನಾನು ಅಜ್ಜಿ, ಅತ್ತೆ ಅಂದ್ರೆ ನೀನು ಒಂದು ಬಸ್ಸನ್ನೇ ತಂದಿದ್ದೀಯಲ್ಲೋ!"

ಇದೊಂದು ಸಲ ಅವನ ಬಾಯಿಂದ 'ಆಯ್ತು' ಕೂಡ ಹೊರಡಲಿಲ್ಲ.

ಹೊರಗಿನ ಪರೀಕ್ಷಕರು ಕನ್ನಡಕ ಒರೆಸಿ ಹಾಕಿಕೊಂಡರು. "ಆ ಕಂಡಕ್ಟರ್ ಯಾರು ಮೇಡಂ?" ಎಂದು ಪಿಸುಗುಟ್ಟಿದರು.

"ಸೋದರಮಾವ ಇರಬೇಕು ಸಾರ್."

"ಡ್ಯೂಟಿಯಿಂದ ನೇರ ಓಡಿ ಬಂದಿದ್ದಾನೆ. ಎಷ್ಟು ಸೂಕ್ಷ್ಮವಾಗಿ ಯೋಚನೆ ಮಾಡಿದ್ದೀರಿ!"

ಡಾಕ್ಟರಮ್ಮ ಒಳಗೆ ಬಂದು ಕೈಮುಗಿದಳು. "ಕೂತ್ಕೊಳ್ಳಿ. ಮಗುವಿಗೆ ಏನು ತೊಂದರೆ ಹೇಳಿ."

ಆಯ್ತಪ್ಪ ಗಂಟಲು ಸರಿಮಾಡಿಕೊಂಡ. "ನಮ್ಮ ಮಗು ಊಟ ಮಾಡ್ತಿಲ್ಲ ಡಾಕ್ಟ್ರೇ. ಎಂಟು ತಿಂಗಳು..."

"ಪ್ರತಿ ವರ್ಷವೂ ಎಂಟೇ ಅಂತೆ," ಎಂದು ದೊಡ್ಡಮ್ಮ ಸೇರಿಸಿದರು, ಡಾಕ್ಟರಮ್ಮನಿಗೆ ಮಾತ್ರ ಕಾಣುವಂತೆ ಕಣ್ಣು ಮಿಟುಕಿಸಿ.

ಡಾಕ್ಟರಮ್ಮ ಒಂದು ಕ್ಷಣ ತಬ್ಬಿಬ್ಬಾದಳು. ತಾನು ಓದಿದ ಯಾವ ಪುಸ್ತಕದಲ್ಲೂ ಇಂಥ ಅಜ್ಜಿ ಇರಲಿಲ್ಲ. ಆದರೂ ಜಪ ಬಿಡಲಿಲ್ಲ. ಕೇಳು. "ಎದೆಹಾಲು ಕುಡಿಯುತ್ತಾ?"

"ಯಾರದ್ದು ಅಂತ ಕುಡಿಸೋದಮ್ಮಾ?" ಎಂದು ಕೊಡೆಯವರು ಕಣ್ಣೊರೆಸಿಕೊಂಡರು.

ಮೆಚ್ಚು. "ಮಗುವನ್ನ ಎಷ್ಟು ಶುಚಿಯಾಗಿ ಇಟ್ಟಿದ್ದೀರಿ! ಇಷ್ಟು ಜನ ಜೊತೆಗೆ ಬಂದಿದ್ದೀರಿ. ಎಲ್ಲ ಮಕ್ಕಳಿಗೂ ಈ ಭಾಗ್ಯ ಇರಲ್ಲ."

ಬಸ್ಸಿನ ಬಳಗ ಹಿಗ್ಗಿತು. ಕಂಡಕ್ಟರ್ ಅಂಗಿಯ ಗುಂಡಿ ಸರಿಮಾಡಿಕೊಂಡ.

ಹೇಳು. ಡಾಕ್ಟರಮ್ಮ ಬಟ್ಟಲು ಚಮಚ ಕೈಗೆತ್ತಿಕೊಂಡಳು. "ಆರು ತಿಂಗಳು ತುಂಬಿದ ಮೇಲೆ ಹಾಲೊಂದೇ ಸಾಕಾಗಲ್ಲ. ಹಾಲಿನ ಜೊತೆಗೆ ಊಟವೂ ಬೇಕು. ನೀರುನೀರಾಗಿ ಮಾಡಬೇಡಿ. ಚಮಚ ಓರೆ ಮಾಡಿದ್ರೆ ಸುರಿದುಹೋಗಬಾರದು, ಅಷ್ಟು ಗಟ್ಟಿ ಇರಬೇಕು."

"ಹೌದಾ?" ಕೊಡೆಯವರು ಮುಂದಕ್ಕೆ ಬಂದರು. ತಾವು ಬಂದ ಉದ್ದೇಶವನ್ನು ಆ ಕ್ಷಣಕ್ಕೆ ಮರೆತೇಬಿಟ್ಟರು. "ನಮ್ಮ ಸೊಸೆ ಮೊಮ್ಮಗನಿಗೆ ಬರೀ ತಿಳಿ ಕುಡಿಸ್ತಾಳೆ. ಗಟ್ಟಿ ಕೊಟ್ರೆ ಗಂಟಲಿಗೆ ಸಿಕ್ಕೊಳ್ಳತ್ತೆ ಅಂತಾಳೆ."

"ನುಣ್ಣಗೆ ಮಸೆದು ಕೊಡಿ. ತಿಳಿಯಲ್ಲಿ ಹೊಟ್ಟೆ ತುಂಬತ್ತೆ, ಮೈಗೆ ಏನೂ ಸೇರಲ್ಲ."

"ಮಸೆದು! ಕೇಳಿಸ್ತಾ? ನಾನು ಬಾಯಿ ಬಡ್ಕೊಂಡೆ!"

"ಡಾಕ್ಟ್ರೇ, ನಮ್ಮ ಮಗಳು ಫೋನ್ ತೋರಿಸದೆ ಬಾಯೇ ತೆಗೆಯಲ್ಲ," ಎಂದ ಕಂಡಕ್ಟರ್. "ಫೋನ್ ನೋಡ್ತಾ ನೋಡ್ತಾ ಎಷ್ಟು ಬೇಕಾದ್ರೂ ನುಂಗತ್ತೆ."

"ಫೋನ್ ಬೇಡ. ನಿಮ್ಮ ಮುಖ ತೋರಿಸಿ."

"ನನ್ನ ಮುಖ ತೋರಿಸಿದ್ರೆ ಅಳತ್ತೆ."

"ಮಾತಾಡಿಸ್ತಾ ತಿನ್ನಿಸಿ. ಮುಖ ತಿರುಗಿಸಿದ್ರೆ ಸಾಕು ಅಂತ ಅರ್ಥ, ಒತ್ತಾಯ ಮಾಡಬೇಡಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೊಡಿ."

"ಜೇನು ನೆಕ್ಕಿಸಬಹುದಾ?" ಎಂದು ಬಾಗಿಲ ಬಳಿಯ ಪ್ರಯಾಣಿಕನೊಬ್ಬ ಕೂಗಿದ.

"ವರ್ಷ ತುಂಬೋವರೆಗೆ ಜೇನು ಮುಟ್ಟಿಸಲೇಬೇಡಿ!" ಎಂದು ಡಾಕ್ಟರಮ್ಮನೂ ಕೂಗಿದಳು.

ಹೊರಗಿನ ಪರೀಕ್ಷಕರು ಮೇಜು ಕುಟ್ಟಿದರು. "ನಮ್ಮಲ್ಲಿ ಎಷ್ಟು ವರ್ಷದಿಂದ ಪರೀಕ್ಷೆ ಮಾಡ್ತಿದ್ದೀವಿ ಮೇಡಂ, ಇಂಥ ನಟರು ಸಿಕ್ಕಿಲ್ಲ. ಎಲ್ಲಿಂದ ಹಿಡಿದ್ರಿ?" ಮೇಡಂ ಆಯ್ತಪ್ಪನ ಕಡೆ ನೋಡಿ ನಕ್ಕರು. ಖಾಯಂ ಕೆಲಸ ಆ ನಗುವಿನಲ್ಲಿ ಹೊಳೆಯುತ್ತಿತ್ತು. ಆಯ್ತಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಈ ಹೆಂಗಸರಿಗೆ ಇದು ಬೊಂಬೆ ಅಂತ ಗೊತ್ತಾದರೆ ಕೊಡೆಯಲ್ಲಿ ಬಾರಿಸುತ್ತಾರೆ. ಮೇಡಂಗೆ ಇವರು ನಟರಲ್ಲ ಅಂತ ಗೊತ್ತಾದರೆ ಕೆಲಸ ಹೋಗುತ್ತದೆ. ಇನ್ನು ಸ್ವಲ್ಪ ಹೊತ್ತು ಯಾರಿಗೂ ಏನೂ ಗೊತ್ತಾಗದೆ ಇದ್ದರೆ ಸಾಕಿತ್ತು.

ಆದರೆ ದೊಡ್ಡಮ್ಮ ಬಂದ ಕೆಲಸ ಮರೆತಿರಲಿಲ್ಲ. ಮೇಜಿನ ಮೇಲೆ ಬಾಗಿ ಡಾಕ್ಟರಮ್ಮನಿಗೆ ಹೇಳಿದರು: "ತಾಯೀ, ಮಗು ವಿಷಯ ಹಾಗಿರಲಿ. ನೋಡಬೇಕಾದ್ದು ಅಪ್ಪನ್ನ."

ಡಾಕ್ಟರಮ್ಮನ ಕಣ್ಣು ಫಳಕ್ಕೆಂದಿತು. ಮಗುವನ್ನು ನೋಡಿಕೊಳ್ಳುವವರು ಹೇಗಿದ್ದಾರೆಂದು ವಿಚಾರಿಸದಿದ್ದರೆ ಅರ್ಧ ಅಂಕ ಹೋದಂತೆಯೇ ಎಂದು ಮೇಡಂ ಪಾಠದಲ್ಲಿ ಹೇಳಿದ್ದರು. ಅಜ್ಜಿ ಎಂಥ ಸುಳಿವು ಕೊಟ್ಟರು! ಕುರ್ಚಿಯನ್ನು ಆಯ್ತಪ್ಪನ ಹತ್ತಿರ ಎಳೆದುಕೊಂಡಳು. "ನೀವು ಹೇಗಿದ್ದೀರಿ? ಸರಿಯಾಗಿ ನಿದ್ದೆ ಬರುತ್ತಾ?"

"ನನಗಾ? ಬರುತ್ತೆ."

"ಒಬ್ಬರೇ ಇದನ್ನೆಲ್ಲಾ ಹೊತ್ತುಕೊಂಡಿದ್ದೀರಿ ಅನ್ನಿಸುತ್ತಾ?"

"ಬಸ್ಸಲ್ಲಿ ಜಾಗ ಸಿಕ್ತು ಡಾಕ್ಟ್ರೇ."

"ಪಾಪ," ಎಂದರು ಕೊಡೆಯವರು. "ಪಾಪ," ಎಂದಿತು ಇಡೀ ಬಸ್ಸು. ದೊಡ್ಡಮ್ಮ ಆಯ್ತಪ್ಪನ ಬೆನ್ನು ಸವರಿ, ಮೆಲ್ಲಗೆ ಮಗುವಿನ ಕಡೆ ಕೈಚಾಚಿದರು. "ಕೊಡು ಮಗಾ. ನಾನು ನೋಡ್ಕೋತೀನಿ. ನೀನು ಇಲ್ಲೇ ಮಲಗಿ ಸುಧಾರಿಸ್ಕೋ. ಇವರು ಒಳ್ಳೆಯವರು, ಒಂದು ಇಂಜೆಕ್ಷನ್ ಕೊಡ್ತಾರೆ."

"ಬೇಡಮ್ಮಾ! ಇದು ಬೀರುವಿಗೆ ಹೋಗಬೇಕು!"

"ಬೀರುವಿಗೆ ಹೋಗೋದು ಬೇಡಪ್ಪಾ, ಪಾಪು ಅದು..."

"ಎಣಿಸಿ ತಗೋತಾರೆ ಅಮ್ಮಾ, ಬಿಡಿ!"

ದೊಡ್ಡಮ್ಮ ಬೊಂಬೆಯ ಕಾಲು ಹಿಡಿದು ಎಳೆದರು. ಆಯ್ತಪ್ಪ ತಲೆ ಹಿಡಿದು ಎಳೆದ. ಸಡಿಲವಾಗಿದ್ದ ಕತ್ತು ಕಿರ್ರೆಂದಿತು. ಇಲಾಖೆಯ ಸೊತ್ತು ಎರಡಾಗುವುದನ್ನು ಕಂಡ ಆಯ್ತಪ್ಪ ಹಿಂದುಮುಂದು ನೋಡದೆ ಅರಚಿದ: "ಅಮ್ಮಾ, ಇದು ಮಗುವೇ ಅಲ್ಲ! ಬೊಂಬೆ! ಪ್ಲಾಸ್ಟಿಕ್ ಬೊಂಬೆ! ನನಗೆ ಮಗು ಇಲ್ಲ, ಬಸ್ಸಲ್ಲಿ ಸುಳ್ಳು ಹೇಳಿದೆ! ಬೇಕಿದ್ರೆ ಹೊಡೀರಿ!"

ಆಯ್ತಪ್ಪ ತಲೆ ತಗ್ಗಿಸಿ ಕೊಡೆಗಾಗಿ ಕಾದ.

ದೊಡ್ಡಮ್ಮ ಎರಡೂ ಕೈಯೆತ್ತಿ ಕೂಗಿದರು. "ವಾಸಿಯಾಯ್ತು! ತಿಳಿವು ಬಂತು ಇವನಿಗೆ!"

"ಗೊತ್ತಾಯ್ತಾ ಅಣ್ಣಾ ಬೊಂಬೆ ಅಂತ?" ಕಂಡಕ್ಟರ್ ಅವನನ್ನು ತಬ್ಬಿಕೊಂಡ. "ನಮಗೆ ಬಸ್ಸಲ್ಲೇ ಗೊತ್ತಾಗಿತ್ತು. ದೊಡ್ಡಮ್ಮ ಕೆನ್ನೆ ಮುಟ್ಟಿದ ಕೂಡಲೇ ಗೊತ್ತಾಯ್ತು. ಬೊಂಬೆನ ಮಗು ಅಂತಾನೆ, ಯಾವ ದುಃಖದಲ್ಲಿ ತಲೆ ಕೆಟ್ಟಿದೆಯೋ ಪಾಪ, ಎದುರುಮಾತು ಆಡಬೇಡಿ, ಹೇಗಾದ್ರೂ ಆಸ್ಪತ್ರೆ ಮುಟ್ಟಿಸೋಣ ಅಂದ್ರು. ಡ್ರೈವರ್ ಇನ್ನೂ ಕೆಳಗೆ ಕಾಯ್ತಿದ್ದಾರೆ!"

"ಎರಡು ಒಳ್ಳೇ ಮಾತಲ್ಲಿ ಹುಚ್ಚು ಬಿಡಿಸಿದಳಲ್ಲ ಈ ಹುಡುಗಿ!" ಕೊಡೆಯವರು ಡಾಕ್ಟರಮ್ಮನ ಎರಡೂ ಕೈ ಹಿಡಿದುಕೊಂಡರು. "ನಮ್ಮ ಮೈದುನನ್ನೂ ಕರ್ಕೊಂಡು ಬರ್ತೀನಿ ತಾಯಿ, ಯಾವತ್ತು ಬರಲಿ?"

ಡಾಕ್ಟರಮ್ಮ ಪರೀಕ್ಷಕರನ್ನು ನೋಡಿದಳು. ಪರೀಕ್ಷಕರು ಮೇಡಂ ಅವರನ್ನು ನೋಡಿದರು. ಮೇಡಂ ಏನೂ ತೋರಗೊಡದೆ ನಕ್ಕರು, ಯಾಕೆಂದರೆ ಅವರಿಗೂ ಏನೂ ಅರ್ಥವಾಗಿರಲಿಲ್ಲ.

"ಅದ್ಭುತ," ಎಂದು ನಿಟ್ಟುಸಿರಿಟ್ಟರು ಹೊರಗಿನ ಪರೀಕ್ಷಕರು. "ಕೊನೆಯಲ್ಲಿ ಆ ತಿರುವು! ಈಕೆ ಒಂದು ಚೂರೂ ಗಾಬರಿಯಾಗದೆ ಅವರ ಬಾಯಿಂದಲೇ ಹೇಳಿಸಿಬಿಟ್ಟಳು. ಪಾಸು. ಮುಂದಿನವರನ್ನ ಕರೀರಿ."

ಡಾಕ್ಟರಮ್ಮ ಬಾಗಿಲಲ್ಲೇ ಒಂದು ಸಲ ಕುಣಿದು ಹೊರಗೆ ಓಡಿದಳು. ದಪ್ಪ ಮೀಸೆಯ ಇನ್ನೊಬ್ಬ ಕಲಿಯುವ ಡಾಕ್ಟರು ಬೆವರೊರೆಸಿಕೊಳ್ಳುತ್ತ ಒಳಗೆ ಬಂದ. ಮೇಡಂ ಚಪ್ಪಾಳೆ ತಟ್ಟಿದರು. "ಎಲ್ಲರೂ ಮೊದಲಿದ್ದ ಜಾಗಕ್ಕೆ! ಎಲ್ಲಿ, ಮಗು ಎತ್ತಿಕೊ. ಮೊದಲಿಂದ ಶುರು ಮಾಡು."

ಆಯ್ತಪ್ಪ ದೊಡ್ಡಮ್ಮನ ಮುಖ ನೋಡಿದ. ಅದು ಸಂತೋಷದಿಂದ ಬೆಳಗುತ್ತಿತ್ತು. ಮೇಡಂ ಮುಖ ನೋಡಿದ. ಅಲ್ಲಿ ಖಾಯಂ ಕೆಲಸ ಕಾಯುತ್ತಿತ್ತು. ಹೊರಗೆ ಬಿಳಿ ಕೋಟುಗಳ ಸಾಲು ಕಾರಿಡಾರಿನ ತಿರುವಿನವರೆಗೂ ಇತ್ತು. ಅವನು ಮೆಲ್ಲಗೆ ಬಗ್ಗಿ, ಎಳೆದಾಟದಲ್ಲಿ ನೆಲಕ್ಕೆ ಜಾರಿದ್ದ ಬೊಂಬೆಯನ್ನು ಎತ್ತಿದ. ಅದರ ಕತ್ತಿಗೆ ಕೈಕೊಟ್ಟು ಎದೆಗೆ ಒರಗಿಸಿಕೊಂಡ.

"ಡಾಕ್ಟ್ರೇ," ಎಂದ, "ನಮ್ಮ ಮಗು ಊಟ ಮಾಡ್ತಿಲ್ಲ. ಎಂಟು ತಿಂಗಳು."

"ಅಯ್ಯೋ ದೇವರೇ, ಮರುಕಳಿಸ್ತಲ್ಲಪ್ಪಾ!" ದೊಡ್ಡಮ್ಮ ಹಣೆ ಚಚ್ಚಿಕೊಂಡು ನೆಲದ ಮೇಲೆ ಕುಸಿದು ಕೂತರು. "ಕಂಡಕ್ಟ್ರೇ, ಡ್ರೈವರಿಗೆ ಬಸ್ಸು ತಗೊಂಡು ಹೋಗೋಕೆ ಹೇಳಿಬಿಡಪ್ಪಾ. ಇದು ಇವತ್ತಿಗೆ ಮುಗಿಯೋದಲ್ಲ."

ಹೊರಗಿನ ಪರೀಕ್ಷಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಎರಡನೇ ಸಲಕ್ಕೆ ಬೇರೆಯೇ ಥರ ಮಾಡ್ತಿದ್ದಾರೆ ಮೇಡಂ," ಎಂದರು. "ಈ ಅಜ್ಜಿಯನ್ನ ಮುಂದಿನ ವರ್ಷ ನಮ್ಮ ಕಾಲೇಜಿಗೆ ಕಳಿಸಿಕೊಡ್ತೀರಾ?"